ಪ್ರೀತಿಯೋ ರಜಾಯಿಯೋ

ದೆಹಲಿಯ ಅಂಗಡಿಯವರೆಲ್ಲ ಸೇರಿ ಯಾರಿಗಾದರೂ ಶಾಲು ಹೊದಿಸಿ ಸನ್ಮಾನ ಮಾಡುವುದೆಂದು ತೀರ್ಮಾನಿಸಿದರೆ ಆ ಮರ್ಯಾದೆ ನನ್ನ ಮೈದುನನಿಗೇ ಸಲ್ಲಬೇಕು. ಆ ಶಾಲಿಗೂ ಅವನು ಅಂಗಡಿಯವರು ಕೇಳಿದಷ್ಟು ಬೆಲೆ ಕೊಟ್ಟು ಬರುತ್ತಾನೆ ಎನ್ನುವುದು ಬೇರೆ ಮಾತು.

ನಾನಾದರೋ ಚೌಕಾಸಿಯಿಂದಲೇ ಮೇಲೆ ಬಂದವಳು. ಮದುವೆಯಾಗಿ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿಗೆ ಬಂದಾಗ ನನಗೆ ಬರುತ್ತಿದ್ದ ಹಿಂದಿ ಎಂದರೆ ‘ಕಿತನಾ’ ಮತ್ತು ‘ನಹೀ’. ವ್ಯಾಪಾರಕ್ಕೆ ಅಷ್ಟು ಸಾಕು ಎಂದು ಬೇಗ ತಿಳಿಯಿತು. ಊರಿನಿಂದ ಸೀರೆ ತರಿಸಿ ಅಕ್ಕಪಕ್ಕದ ಹೆಂಗಸರಿಗೆ ಮಾರುತ್ತಾ ಮಾರುತ್ತಾ ಸೆಕ್ಟರ್ ಮಾರ್ಕೆಟ್ಟಿನಲ್ಲಿ ಸ್ವಂತ ಅಂಗಡಿ ಮಾಡಿದೆ. ಹಾಗಾಗಿ ಬೆಲೆಯ ವಿಷಯದಲ್ಲಿ ಸಲಹೆ ಕೊಡುವ ಹಕ್ಕು ನನಗಿದೆ. ಕೇಳದಿದ್ದರೂ ಕೊಡುತ್ತೇನೆ.

ಮೆಟ್ರೋ ಇನ್ನೂ ಬರೀ ಕಂಬಗಳಾಗಿ ನಿಂತಿದ್ದ ಕಾಲ. ಕರೋಲ್ ಬಾಗಿಗೆ ಕುಕ್ಕರ್ ಕೊಳ್ಳಲು ಹೋಗಿದ್ದೆ. ಹೊರಲು ಒಬ್ಬರಿರಲಿ ಎಂದು ಮೈದುನನನ್ನು ಕರೆದೊಯ್ದದ್ದು. ನನ್ನ ಪದ್ಧತಿ ಸರಳ. ಎದುರಿನ ಅಂಗಡಿಯ ಬೆಲೆ ಹೇಳುವುದು, ನಿಟ್ಟುಸಿರು ಬಿಡುವುದು, ಎದ್ದು ಬಾಗಿಲ ತನಕ ನಡೆಯುವುದು. ಬಾಗಿಲ ಹತ್ತಿರ ಚಪ್ಪಲಿ ಹುಡುಕಲು ಸ್ವಲ್ಪ ಹೊತ್ತು ತೆಗೆದುಕೊಳ್ಳಬೇಕು, ಅಂಗಡಿಯವನಿಗೆ ಮನಸ್ಸು ಕರಗಲು ಸಮಯ ಬೇಡವೇ? ಅಂದು ಅವನ ಮನಸ್ಸು ಕರಗಿ, “ಬೆಹೆನ್‌ಜೀ, ಸುನಿಯೇ” ಎನ್ನುವಷ್ಟರಲ್ಲಿ ಒಳಗೆ ಸ್ಟೂಲಿನ ಮೇಲೆ ಕೂತಿದ್ದ ಮೈದುನ ಬಾಯಿ ತೆರೆದ. ಎದುರಂಗಡಿಯ ಕುಕ್ಕರಿನ ತಳ ಇದಕ್ಕಿಂತ ತೆಳ್ಳಗಿದೆ, ಆದ್ದರಿಂದ ಎರಡನ್ನೂ ಹೋಲಿಸುವುದು ಸರಿಯಲ್ಲ, ಇವರು ಹೇಳಿದ ಬೆಲೆಯೇ ನ್ಯಾಯ ಎಂದು ಶುದ್ಧ ಹಿಂದಿಯಲ್ಲಿ ವಿವರಿಸಿದ. ಅಂಗಡಿಯವನು ಅವನಿಗೆ ಚಹಾ ತರಿಸಿದ. ನನಗೆ ತರಿಸಲಿಲ್ಲ.

ದಾರಿಯಲ್ಲಿ ಸಿಟ್ಟು ಮಾಡಿದರೆ ಅವನಿಗೆ ಆಶ್ಚರ್ಯ. “ಅತ್ತಿಗೆ, ಹೋಲಿಸಬೇಕಾದರೆ ಎರಡೂ ಕಡೆ ಒಂದೇ ಮಟ್ಟ ಇರಬೇಕು. ಇಲ್ದಿದ್ರೆ ಬರೋ ವ್ಯತ್ಯಾಸ ಕುಕ್ಕರಿಂದಲ್ಲ, ನಿಮ್ಮದು.”

ಇದು ಅವನ ಸ್ವಭಾವವೋ ಅವನ ಉದ್ಯೋಗವೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಅವನು ವಿಶ್ವವಿದ್ಯಾಲಯವೊಂದರಲ್ಲಿ ಕ್ವಾಂಟಮ್ ಕೆಮಿಸ್ಟ್ರಿ ಮಾಡುತ್ತಿದ್ದ. ಕೆಮಿಸ್ಟ್ರಿ ಎಂದು ಕೇಳಿ, ಆಸಿಡ್ಡು ಗೀಸಿಡ್ಡು ಸಿಡಿದೀತೆಂದು ನಾನು ಹಳೆಯ ಅಂಗಿಗಳನ್ನು ಅವನಿಗಾಗಿ ಎತ್ತಿಟ್ಟಿದ್ದೆ. ಅವನು ಮುಟ್ಟುತ್ತಿದ್ದದ್ದು ಕೀಬೋರ್ಡನ್ನು ಮಾತ್ರ. ಅಂಗಿಗಳನ್ನು ಕೊಟ್ಟು ಸ್ಟೀಲ್ ಡಬ್ಬ ತೆಗೆದುಕೊಂಡೆ.

ಅವನ ಕೆಲಸವನ್ನು ನಾನು ಅರ್ಥಮಾಡಿಕೊಂಡಷ್ಟು ಹೇಳುತ್ತೇನೆ. ಅಣುವಿನೊಳಗೆ ಎಲೆಕ್ಟ್ರಾನುಗಳು ಮೋಡದಂತೆ ಹರಡಿಕೊಂಡಿರುತ್ತವಂತೆ. ಆ ಮೋಡದ ಆಕಾರವನ್ನು ಕಂಪ್ಯೂಟರಿಗೆ ನೇರವಾಗಿ ಹೇಳಲಾಗದು. ಗುಂಡಗಿನವು, ಡಂಬೆಲ್‌ನಂಥವು, ನಾಲ್ಕು ಎಸಳಿನವು ಎಂದು ಕೆಲವು ಸಿದ್ಧ ಆಕಾರಗಳಿವೆ. ಅವನ್ನೇ ಕೂಡಿಸಿ ಕೂಡಿಸಿ ಮೋಡ ಕಟ್ಟಬೇಕು. ಆ ಆಕಾರಗಳ ಗಂಟಿಗೆ ಬೇಸಿಸ್ ಸೆಟ್ ಎಂದು ಹೆಸರು. ದೊಡ್ಡ ಗಂಟು ಕೊಟ್ಟಷ್ಟೂ ಉತ್ತರ ಚೆನ್ನಾಗಿ ಬರಬೇಕಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ.

“ಅಮೋನಿಯಾ ಇದೆಯಲ್ಲ ಅತ್ತಿಗೆ, ಅದು ಮುಕ್ಕಾಲಿ ಪೀಠದ ಹಾಗೆ ಎತ್ತರಿಸಿಕೊಂಡು ನಿಂತಿರುತ್ತೆ. ಗುಂಡಗಿನವು, ಡಂಬೆಲ್ಲು, ಇವೆರಡನ್ನೇ ರಾಶಿ ರಾಶಿ ಸುರಿದು ಎಸಳಿನವನ್ನ ಕೊಡದೇ ಇದ್ರೆ, ಕಂಪ್ಯೂಟರು ಅದನ್ನ ಚಪಾತಿ ಹಾಗೆ ಚಪ್ಪಟೆ ಮಾಡಿಬಿಡುತ್ತೆ.”

“ಕಡಿಮೆ ಕೊಟ್ಟಿದ್ರೆ?”

“ಕಡಿಮೆ ಕೊಟ್ಟಿದ್ರೆ ಎಷ್ಟೋ ವಾಸಿ. ಅರೆಬರೆಯಾದ್ರೂ ನಿಂತಿರುತ್ತಿತ್ತು.”

ಹೆಚ್ಚು ಖರ್ಚು ಮಾಡಿ ಹೆಚ್ಚು ತಪ್ಪು ಉತ್ತರ ಪಡೆಯುವ ವಿದ್ಯೆ ಇದೆಯೆಂದು ನನಗೆ ಗೊತ್ತಾದದ್ದು ಅಂದು. ದೆಹಲಿಯ ಮದುವೆಗಳನ್ನು ನೋಡಿದವಳಾದ್ದರಿಂದ ನಂಬಲು ಕಷ್ಟವಾಗಲಿಲ್ಲ. ಗಾತ್ರವಲ್ಲ, ಸಮತೋಲ ಮುಖ್ಯ, ಯಾವ ಅಣುವಿಗೂ ಪಕ್ಷಪಾತ ಮಾಡಬಾರದು ಎನ್ನುವುದು ಅವನ ವಾದ. ಇದನ್ನು ನಾನು ಗಿರಾಕಿಗಳಿಗೆ ಪುಕ್ಕಟೆಯಾಗಿ ಹೇಳುತ್ತಲೇ ಬಂದಿದ್ದೇನೆ: ಒಂದು ಸೀರೆಯನ್ನು ಬಿಸಿಲಿಗೆ ಹಿಡಿದು ಇನ್ನೊಂದನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ಆರಿಸಬೇಡಿ. ನನಗೆ ಇದಕ್ಕೆ ಯಾರೂ ಪಿಎಚ್.ಡಿ. ಕೊಡಲಿಲ್ಲ.

ಅವನ ಲೆಕ್ಕಗಳು ವಾರಗಟ್ಟಲೆ ಓಡುತ್ತಿದ್ದವು. ವಿಶ್ವವಿದ್ಯಾಲಯದ ಕಂಪ್ಯೂಟರಿನ ಮುಂದೆ ಸರದಿ ಉದ್ದವೆಂದು ಮನೆಯಲ್ಲೂ ಒಂದನ್ನು ಜೋಡಿಸಿದ್ದ. ದೆಹಲಿಯ ಮೇ ತಿಂಗಳಿನಲ್ಲಿ ಕರೆಂಟು ಹೇಗೆ ಬರುತ್ತದೆ, ಹೋಗುತ್ತದೆ ಎಂದು ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ನಾನು ಹೋರಾಡಿ ಕಡಿಮೆ ಬೆಲೆಗೆ ತಂದ ಇನ್ವರ್ಟರು ಫ್ಯಾನು, ಕಂಪ್ಯೂಟರು ಎರಡನ್ನೂ ಒಟ್ಟಿಗೆ ಹೊರುತ್ತಿರಲಿಲ್ಲ. (ಕಡಿಮೆ ಬೆಲೆಯ ಇನ್ವರ್ಟರ್ ಕೊಳ್ಳಬೇಡಿ.) ಹಾಗಾಗಿ ನಾವೆಲ್ಲ ಬೆವರುತ್ತಾ, ಇಬ್ಬನಿಯಂತೆ ಎರಡು ನೀರಿನ ಅಣುಗಳು ತಂಪಾಗಿ ಒಂದಕ್ಕೊಂದು ಹತ್ತಿರವಾಗುವುದಕ್ಕೆ ಅವಕಾಶ ಮಾಡಿಕೊಟ್ಟೆವು. ಸಚಿವಾಲಯದಲ್ಲಿ ಇಡೀ ದಿನ ಫೈಲುಗಳ ಜೊತೆ ಇದ್ದು ಬರುವ ನಮ್ಮವರು ಒಂದು ಸಂಜೆ ಬನಿಯನ್ ಹಿಂಡುತ್ತಾ ತಮ್ಮನನ್ನು ಕೇಳಿದರು, ಇಬ್ಬರಿಗೂ ಸಮಪಾಲು ಎನ್ನುತ್ತೀಯಲ್ಲ, ನನ್ನ ಪಾಲು ಎಲ್ಲಿ ಎಂದು. ಮೈದುನ ಗಂಭೀರವಾಗಿ ಯೋಚಿಸಿ, ಅಣ್ಣ ಈ ಲೆಕ್ಕದಲ್ಲಿ ಇಲ್ಲ ಎಂದ.

ಅಷ್ಟು ಬೆವರಿದ್ದಕ್ಕೆ ಫಲ ಸಿಕ್ಕಿತು ಅಂದುಕೊಂಡೆವು. ಯಾವುದೋ ದೇಶದಲ್ಲಿ ಪ್ರಯೋಗ ಮಾಡಿ ಕಂಡುಕೊಂಡಿದ್ದ ಸಂಖ್ಯೆಗೂ ಇವನ ಕಂಪ್ಯೂಟರ್ ಹೇಳಿದ ಸಂಖ್ಯೆಗೂ ಕೂದಲೆಳೆಯ ಅಂತರವೂ ಇರಲಿಲ್ಲ. ಅವನ ಪ್ರೊಫೆಸರರು ಲಡ್ಡು ತರಿಸಿದರು. ಒಂದು ಡಬ್ಬ ನಮ್ಮ ಮನೆಗೂ ಬಂತು. ಡಬ್ಬ ಖಾಲಿಯಾಗುವ ಮೊದಲೇ ಇವನು ಇನ್ನೂ ಒಳ್ಳೆಯ ಬೇಸಿಸ್ ಸೆಟ್ ಹಾಕಿ ಲೆಕ್ಕವನ್ನು ಮತ್ತೆ ಓಡಿಸಿದ. ಉತ್ತರ ದೂರ ಸರಿಯಿತು. ಮೊದಲಿನದು ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿದ್ದರಿಂದ ಬಂದ ಸರಿಯುತ್ತರವಂತೆ. ಪತ್ರಿಕೆಗೆ ಕಳಿಸಿದ್ದ ಲೇಖನವನ್ನು ಹಿಂದಕ್ಕೆ ತೆಗೆದುಕೊಂಡ. ಸರಿಯಾದ ಬೆಲೆ ಬಂದ ಕೂಡಲೇ ಗಂಟು ಕಟ್ಟಿಕೊಡಬೇಕು, ಬಂದ ದಾರಿ ಕೇಳುತ್ತಾ ಕೂತರೆ ಅಂಗಡಿ ನಡೆಯುತ್ತದೆಯೇ? ಹೀಗೆಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಪ್ರೊಫೆಸರರು ಲಡ್ಡುವನ್ನು ವಾಪಸ್ ಕೇಳಲಿಲ್ಲ, ದೊಡ್ಡ ಮನಸ್ಸು.

ತಪ್ಪು ಎಲ್ಲಿತ್ತೆಂದು ಅವನು ನನಗೆ ವಿವರಿಸಿದ್ದು ಡಿಸೆಂಬರಿನಲ್ಲಿ. ನಾನು ಮಂಚದ ಮೇಲೆ ಹತ್ತಿ ತುಂಬಿದ ರಜಾಯಿ ಹೊದ್ದು ಬಟಾಣಿ ಸುಲಿಯುತ್ತಿದ್ದೆ.

“ಚಳಿಯಲ್ಲಿ ಇಬ್ಬರು ಮಲಗಿದ್ದಾರೆ ಅಂದ್ಕೊಳ್ಳಿ. ಇಬ್ಬರಿಗೂ ಒಂದೊಂದು ಮೋಟು ರಜಾಯಿ. ದೂರ ಇದ್ದಾಗ ಇಬ್ಬರೂ ನಡುಗ್ತಾರೆ. ಹತ್ತಿರ ಬಂದ್ರೆ?”

“ಒಬ್ಬರ ರಜಾಯಿ ಇನ್ನೊಬ್ಬರು ಎಳೀತಾರೆ.”

“ಅದೇ. ಇಬ್ಬರಿಗೂ ಬೆಚ್ಚಗಾಗುತ್ತೆ, ಅಂಟಿಕೊಂಡು ಮಲಗ್ತಾರೆ. ಹೊರಗಿನಿಂದ ನೋಡಿದವರು ಆಹಾ ಎಷ್ಟು ಪ್ರೀತಿ ಅಂತಾರೆ. ಅದು ಪ್ರೀತಿಯಲ್ಲ ಅತ್ತಿಗೆ, ರಜಾಯಿ.”

ಅಣುಗಳೂ ಹಾಗೆಯೇ ಅಂತೆ. ಚಿಕ್ಕ ಗಂಟು ಕೊಟ್ಟರೆ ಹತ್ತಿರ ಬಂದಾಗ ಒಂದರ ಆಕಾರಗಳನ್ನು ಇನ್ನೊಂದು ಕಡ ತೆಗೆದುಕೊಂಡು, ಇಲ್ಲದ ಆಕರ್ಷಣೆಯನ್ನು ತೋರಿಸುತ್ತವೆ. ಹಾಗಾದರೆ ನಿಜವಾದ ಪ್ರೀತಿ ಎಷ್ಟು ಎಂದು ತಿಳಿಯುವುದು ಹೇಗೆ? ಒಬ್ಬನನ್ನೇ ಮಲಗಿಸಿ ಅವನಿಗೆ ಎರಡೂ ರಜಾಯಿ ಕೊಡಬೇಕು. ಪಕ್ಕದವನು ಇಲ್ಲ, ಅವನ ಜಾಗ ಖಾಲಿ, ಆದರೆ ಅವನ ರಜಾಯಿ ಅಲ್ಲೇ ಇದೆ. ಎಷ್ಟು ಬೆಚ್ಚಗಾಯಿತು ನೋಡಬೇಕು. ಆಮೇಲೆ ಇನ್ನೊಬ್ಬನನ್ನೂ ಹಾಗೇ ಮಲಗಿಸಬೇಕು. ಅಷ್ಟನ್ನು ಕಳೆದರೆ ಉಳಿಯುವುದೇ ನಿಜ. ಹೀಗೆ ಆಸಾಮಿ ಇಲ್ಲದೆ ಅವನ ಆಕಾರಗಳನ್ನಷ್ಟೇ ಇಟ್ಟ ಖಾಲಿ ಜಾಗಕ್ಕೆ ಇವರು ದೆವ್ವ ಎನ್ನುತ್ತಾರೆ. ಓದಿದವರ ಬಾಯಲ್ಲಿ ಬರುವ ಮಾತೇ ಇದು? ಬಟಾಣಿ ಬುಟ್ಟಿಯನ್ನು ಅವನ ಮುಂದಕ್ಕೆ ತಳ್ಳಿ ಅರ್ಧ ಸುಲಿಸಿದೆ. ಸಮಪಾಲು.

ಇಂಥವನಿಗೆ ಹೆಣ್ಣು ಹುಡುಕುವ ಕೆಲಸ ನನ್ನ ತಲೆಯ ಮೇಲಿತ್ತು. ತಲೆಯ ಮುಂಭಾಗದಲ್ಲಿ ಕೂದಲು ಹಿಂದೆ ಸರಿಯತೊಡಗಿತ್ತು, ಅವನದು, ನನ್ನದಲ್ಲ. ಮೊದಲ ವಧುಪರೀಕ್ಷೆ ಜನಕಪುರಿಯಲ್ಲಿ. ಹುಡುಗಿ ಉಪ್ಪಿಟ್ಟು ತಂದಿಟ್ಟು, ಒಂದು ದೇವರನಾಮ ಹಾಡಿ ಕೂತಳು. ಇವನಿಗೆ ಇದು ಅಸಮತೋಲ ಅನ್ನಿಸಿತು. ಎದ್ದವನೇ ಅವರ ಅಡುಗೆಮನೆಗೆ ಹೋಗಿ ಕಾಫಿ ಮಾಡಿ ಎಲ್ಲರಿಗೂ ತಂದುಕೊಟ್ಟ. ಅಲ್ಲಿಗೆ ನಿಲ್ಲಿಸಿದ್ದರೂ ಬಚಾವಾಗುತ್ತಿದ್ದೆವು. ಹಾಡಿಬಿಟ್ಟ. ಇನ್ನೊಂದು ಕಡೆ, ಹುಡುಗಿಗೆ ನಡೆದು ತೋರಿಸು ಎಂದು ಯಾರೋ ಅಜ್ಜಿ ಹೇಳಿದ್ದಕ್ಕೆ ಇವನೂ ಎದ್ದು ಹಜಾರದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದ. ಆ ಮನೆಯವರು ಫೋನು ಮಾಡುತ್ತೇವೆಂದರು. ನಾನು ಕಾಯಲಿಲ್ಲ.

ಹೀಗೆ ಒಂದೊಂದೇ ಕೈಬಿಟ್ಟು ಕೊನೆಗೆ ಉಳಿದದ್ದು ಮಾಲಿನಿಯ ಸಂಬಂಧ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಶಾಲೆಯೊಂದರಲ್ಲಿ ಭೂಗೋಳ ಪಾಠ ಮಾಡುತ್ತಿದ್ದಳು. ಅವಳಿಗೂ ವಯಸ್ಸು ಮೀರುತ್ತಿತ್ತು. ಮಾತುಕತೆಗೆ ನಿಂತವರು ಚಾಣಕ್ಯಪುರಿಯ ದೂತಾವಾಸವೊಂದರಲ್ಲಿ ಲೆಕ್ಕ ನೋಡುವ ಅವಳ ಸೋದರಮಾವ. ತಾಯಿಯಿಲ್ಲ, ತಂದೆಗೆ ಕೊಂಚ ಬಿ.ಪಿ., ಹೊರಗೆ ಬರುವುದು ಕಡಿಮೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಕೂಡಲೇ ಹುಡುಗಿಯ ಡಿಗ್ರಿಗೆ ಬಂದರು. ಸೀರೆಯ ಒಂದು ಮಡಿಕೆಯನ್ನು ಬೇಗ ತಿರುಗಿಸಿ ಮುಂದಿನದನ್ನು ತೋರಿಸುವ ಕೈಚಳಕ ನನಗೆ ಗೊತ್ತಿಲ್ಲವೇ? ಆದರೆ ಇದೂ ತಪ್ಪಿದರೆ ನನ್ನ ಕೈಯಲ್ಲಿ ಬೇರೆ ಸಂಬಂಧವಿರಲಿಲ್ಲ. ನಾನೂ ಮೈದುನನ ಹಾಡಿನ ವಿಷಯ ಎತ್ತಲಿಲ್ಲ.

ಭೇಟಿಯನ್ನು ಕರೋಲ್ ಬಾಗಿನಲ್ಲಿ ನಮ್ಮ ಕರಾವಳಿಯವರ ಹೋಟೆಲಿನಲ್ಲಿ ಇಟ್ಟುಕೊಂಡೆವು. ಅಲ್ಲಿ ಎಲ್ಲರಿಗೂ ಸಪ್ಲೈಯರೇ ತಂದುಕೊಡುತ್ತಾನೆ, ಸಮತೋಲದ ಪ್ರಶ್ನೆ ಬರುವುದಿಲ್ಲ. ಮೈದುನ ಇಡ್ಲಿ ಮುಗಿಯುವವರೆಗೂ ಎಸಳಿನ ಆಕಾರಗಳ ಬಗ್ಗೆ ಮಾತಾಡಿದ. ಹುಡುಗಿ ಸಾಂಬಾರಿನ ಬಟ್ಟಲನ್ನು ನೋಡುತ್ತಾ ತುಟಿ ಎರಡು ಮಾಡಲಿಲ್ಲ. ಆಟೋದಲ್ಲಿ ಹೇಗನ್ನಿಸಿತೆಂದು ಕೇಳಿದೆ.

“ಚೆನ್ನಾಗನ್ನಿಸಿತು. ಅದೇ ತೊಂದರೆ.”

“ಅದರಲ್ಲೇನು ತೊಂದರೆ?”

“ಎ.ಸಿ. ಇತ್ತು, ಸಾಂಬಾರು ಚೆನ್ನಾಗಿತ್ತು, ನೀವು ನಗ್ತಾ ಇದ್ರಿ. ಇದರಲ್ಲಿ ನಮ್ಮಿಬ್ಬರದು ಎಷ್ಟು ಅಂತ ಹೇಗೆ ಗೊತ್ತಾಗೋದು?”

ಮರುದಿನ ನನಗೆ ಹೇಳದೆ ಆ ಮಾವನಿಗೆ ಫೋನು ಮಾಡಿ ತನ್ನ ಬೇಡಿಕೆ ಇಟ್ಟ. ಒಂದು ಭಾನುವಾರ ಹುಡುಗಿ ನಮ್ಮ ಮನೆಗೆ ಬರಬೇಕು, ಅವನು ಇರುವುದಿಲ್ಲ. ಅವನ ಕೋಣೆ, ಅವನ ಕುರ್ಚಿ, ಅವನ ಅತ್ತಿಗೆ, ಎಲ್ಲ ಇರುತ್ತದೆ. ಅದೇ ಹೊತ್ತಿಗೆ ಅವನು ಅವಳ ಮನೆಯಲ್ಲಿ ಕೂತಿರುತ್ತಾನೆ, ಅವಳು ಇರಬಾರದು. ಆಮೇಲೆ ಕಳೆಯುವುದು. ವರದಕ್ಷಿಣೆ ಕೇಳಿದ್ದರೂ ಆ ಮನುಷ್ಯ ಅಷ್ಟು ಗಾಬರಿಯಾಗುತ್ತಿರಲಿಲ್ಲ. ನನಗೆ ಫೋನು ಮಾಡಿ ನಿಮ್ಮ ಕಡೆ ಯಾರಿಗಾದರೂ ಮೊದಲಿನಿಂದ ಏನಾದರೂ ಇತ್ತೇ ಎಂದು ಬಹಳ ನಯವಾಗಿ ವಿಚಾರಿಸಿದರು. ನಾನು ಉತ್ತರ ಹುಡುಕುತ್ತಿರುವಾಗ ಫೋನು ಇನ್ನೊಂದು ಕೈಗೆ ಹೋಯಿತು.

“ಆಂಟಿ, ಮಾಲಿನಿ ಬೋಲ್ ರಹೀ ಹೂಂ. ನಂಗೆ ಓಕೆ. ಅವರು ನಮ್ಮನೆಗೆ ಬರ್ಲಿ. ಬಟ್ ಮಾಮಾ ಅವತ್ತು ಅಲ್ಲಿ ಇರಬಾರ್ದು.”

ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಮೇ ತಿಂಗಳ ಆ ಭಾನುವಾರ ಹೊರಗೆ ಲೂ ಎನ್ನುವ ಬಿಸಿಗಾಳಿ ಬೀಸುತ್ತಿತ್ತು. ಅವಳು ಆಟೋದಲ್ಲಿ ಒಬ್ಬಳೇ ಬಂದಳು. ನಮ್ಮವರಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ನಮಸ್ಕಾರ ಹೇಳಿಸಿ, ಮಾವಿನಹಣ್ಣು ತರಲು ಅಟ್ಟಿದೆ. ಅವಳನ್ನು ಮೈದುನನ ಕೋಣೆಯಲ್ಲಿ ಅವನ ಕುರ್ಚಿಯ ಮೇಲೆ ಕೂರಿಸಿದೆ. ಕೂತ ಕೂಡಲೇ ಕರೆಂಟು ಹೋಯಿತು. ಇನ್ವರ್ಟರಿನ ದಮ್ಮು ಕಂಪ್ಯೂಟರಿಗೇ ಸಾಕಾಯಿತು, ಫ್ಯಾನು ನಿಂತಿತು. ಅತಿಥಿ ಬೆಂದುಹೋದರೆ ಸಂಬಂಧ ಉಳಿದೀತೇ? ನಾನು ಕಂಪ್ಯೂಟರಿನ ಪ್ಲಗ್ಗಿಗೆ ಕೈ ಹಾಕಿದೆ.

“ಬೇಡ ಆಂಟಿ, ಚಲ್ನೇ ದೋ. ಎಷ್ಟು ದಿನದಿಂದ ಓಡ್ತಾ ಇದೆ?”

ತಿಂಗಳಾಗುತ್ತಾ ಬಂತೆಂದೆ. ಅವಳು ಪೇಪರನ್ನು ಮಡಿಸಿ ಬೀಸಣಿಗೆ ಮಾಡಿಕೊಂಡಳು. ಸ್ವಲ್ಪ ಹೊತ್ತು ತನಗೆ ಬೀಸಿಕೊಂಡು, ಆ ಪೆಟ್ಟಿಗೆ ಮುಟ್ಟಿ ನೋಡಿ, ಸ್ವಲ್ಪ ಹೊತ್ತು ಅದಕ್ಕೂ ಬೀಸಿದಳು. ನಾನು ಮಜ್ಜಿಗೆ ತರಲು ಎದ್ದೆ, ಯಾಕೆಂದರೆ ಅಲ್ಲಿ ನಿಂತು ನೋಡುವುದು ಸರಿಯಲ್ಲ ಅನ್ನಿಸಿತು.

ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ಅವಳೇ ಶುರು ಮಾಡಿದಳು. ಅಪ್ಪನಿಗೆ ಇರುವುದು ಬಿ.ಪಿ. ಅಲ್ಲ. ಪಾರ್ಶ್ವವಾಯು ಬಡಿದು ಮೂರನೇ ವರ್ಷ. ಬಲಗಡೆ ಸ್ವಾಧೀನವಿಲ್ಲ, ಮಾತಿಲ್ಲ. ಊಟ ಅವಳೇ ತಿನ್ನಿಸಬೇಕು. ಅವಳು ಎಲ್ಲಿಗೆ ಹೋದರೂ ಅಪ್ಪ ಅವಳೊಂದಿಗೇ. ಮಾವ ಇದನ್ನು ನಿಶ್ಚಿತಾರ್ಥದವರೆಗೆ ಹೇಳಬೇಡ ಎನ್ನುತ್ತಾರೆ. ಈ ಮೊದಲು ನೋಡಲು ಬಂದ ಇಬ್ಬರು ವಿಷಯ ಗೊತ್ತಾದ ಮೇಲೆ ಹಿಂದೆ ಸರಿದಿದ್ದರು.

“ಇವತ್ತು ಅಪ್ಪನ್ನ ಒಳಗಿನ ರೂಮಲ್ಲಿ ಮಲಗಿಸಿ ಬಾಗಿಲು ಹಾಕು ಅಂದ್ರು ಮಾಮಾ. ನಾನು ತೆಗೆದಿಟ್ಟು ಬಂದಿದೀನಿ.”

ಪಕ್ಕದ ಮನೆಯ ಹೆಂಗಸು ಬಂದು ಊಟ ಮಾಡಿಸುತ್ತಾರೆ, ಅಷ್ಟು ಹೊತ್ತಿಗೆ ನನ್ನ ಮೈದುನ ನೋಡಿ ಹೊರಟಿರುತ್ತಾನೆ ಎಂದಳು. ನನ್ನ ಬುದ್ಧಿ ಅಂಗಡಿಯ ಬುದ್ಧಿ. ಬಟ್ಟೆಯಲ್ಲಿ ಎಳೆ ಬಿಟ್ಟದ್ದು ಕಂಡರೆ ಮೊದಲು ಬೆಲೆ ಇಳಿಸಲು ನೋಡುತ್ತದೆ. ಅಂದು ಆ ಬುದ್ಧಿ ಎಲ್ಲೋ ಹೊರಗೆ ಹೋಗಿತ್ತು, ಬಿಸಿಲು ಜೋರು.

ಊಟದ ಹೊತ್ತಾಯಿತು. ಮೈದುನ ಬರಲಿಲ್ಲ. ನಮ್ಮವರು ಮಾವಿನಹಣ್ಣು ತಂದರು, ಹೋಳು ಮಾಡಿಟ್ಟೆ, ಯಾರೂ ಮುಟ್ಟಲಿಲ್ಲ. ಫೋನು ಮಾಡಿದರೆ ಅವನ ಮೊಬೈಲು ನಮ್ಮ ಫ್ರಿಜ್ಜಿನ ಮೇಲೆಯೇ ಬಾರಿಸಿತು. ಅವಳು ಬಾಗಿಲನ್ನು ನೋಡುವುದನ್ನು ನಿಲ್ಲಿಸಿ ಗೋಡೆಯನ್ನು ನೋಡತೊಡಗಿದಳು. ಒಂದು ಸಲ ಎದ್ದು ಚಪ್ಪಲಿ ಹಾಕಿಕೊಂಡು, ನಾನು ಹೊರಡ್ತೀನಿ ಆಂಟಿ, ಅವರಿಗೆ ನನ್ನೆದುರು ಹೇಳೋಕೆ ಕಷ್ಟ ಆಗುತ್ತೆ ಎಂದಳು. ಬಿಸಿಲು ಇಳಿಯಲಿ ಎಂದು ಕೂರಿಸಿದೆ. ಬಿಸಿಲನ್ನು ಬಿಟ್ಟರೆ ನನ್ನ ಹತ್ತಿರ ಬೇರೆ ನೆಪವಿರಲಿಲ್ಲ.

ಬಿಸಿಲು ಇಳಿದ ಮೇಲೆ ಅವನು ಬಂದ. ಅಂಗಿಯ ಮುಂಭಾಗದಲ್ಲಿ ಸಾರಿನ ಕಲೆ, ತೋಳಿನ ಮೇಲೆ ಅನ್ನದ ಒಂದು ಅಗುಳು ಒಣಗಿ ಅಂಟಿಕೊಂಡಿತ್ತು. ಅವಳು ಆ ಕಲೆಯನ್ನು ನೋಡಿ ಎದ್ದು ನಿಂತಳು.

ಅವಳ ಪಕ್ಕದ ಮನೆಗೆ ಯಾರೋ ನೆಂಟರು ಬಂದು ಆ ಹೆಂಗಸಿಗೆ ಬರಲಾಗಲಿಲ್ಲವಂತೆ. ಇವನು ಹಜಾರದಲ್ಲಿ ಅವಳ ಕುರ್ಚಿಯ ಎದುರು ಕೂತು ತನ್ನ ಲೆಕ್ಕ ಶುರುಮಾಡಿದ್ದನಂತೆ. ಒಳಗಿನಿಂದ ಸದ್ದು ಕೇಳಿ ಎದ್ದು ಹೋದನಂತೆ. ಇಷ್ಟನ್ನು ನನಗೆ ಹೇಳಿ ಅವಳ ಕಡೆ ತಿರುಗಿದ. ಪರೀಕ್ಷೆಯಲ್ಲಿ ಫೇಲಾದವನ ಮುಖವಿತ್ತು.

“ಕ್ಷಮಿಸಿ. ನಿಮ್ಮ ಜಾಗ ಖಾಲಿ ಇಟ್ಟು ಲೆಕ್ಕ ಮಾಡಬೇಕಾಗಿತ್ತು. ನನ್ನಿಂದ ಆಗಲಿಲ್ಲ. ಅಲ್ಲಿ ನಾನೇ ಕೂತುಬಿಟ್ಟೆ.”

ಅವಳು ಕೇಳಿದಳು, “ಅಪ್ಪ ಪೂರಾ ಊಟ ಮಾಡಿದ್ರಾ?”

“ಸಾರನ್ನ ಪೂರಾ. ಮೊಸರನ್ನಕ್ಕೆ ತುಟಿ ಮುಚ್ಚಿಕೊಂಡರು.”

“ಎಡಗಡೆಯಿಂದ ತಿನ್ನಿಸಬೇಕು. ಬಲಗಡೆ ಚೆಲ್ಲುತ್ತೆ.”

“ಗೊತ್ತಿರಲಿಲ್ಲ. ಮೊದಲು ಬಲಗಡೆಯೇ ಕೂತಿದ್ದೆ, ಎಲ್ಲ ಅಂಗಿ ಮೇಲೆ ಬಿತ್ತು,” ಎಂದ ಅವನು. “ಆಮೇಲೆ ಅವರೇ ನಿಧಾನಕ್ಕೆ ನನ್ನ ಕಡೆ ಮುಖ ತಿರುಗಿಸಿದರು.”